ಏಲಕ್ಕಿ ವಾಸನೆಯ ಡ್ರಾಯರ್

ಈ ಡ್ರಾಯರ್‌ಗೆ ನಾನು ಕೊಟ್ಟದ್ದು ನಾಲ್ಕು ನೂರು ಡಾಲರ್. ಮೇಜಿಗಲ್ಲ, ಮೇಜಿನ ಡ್ರಾಯರ್‌ಗೆ ಮಾತ್ರ. ಅದೇ ಮೇಜನ್ನು ಡ್ರಾಯರ್ ಸಮೇತ ಅರವತ್ತಕ್ಕೆ ಮಾರಿದವಳೂ ನಾನೇ. ಈ ಕಸುಬಿಗೆ ಇಳಿದ ಮೇಲೆ ಎದುರಿನವರು ಕೇಳಿದ ಬೆಲೆಯನ್ನು ಕೇಳಿದ ಹಾಗೇ ಕೊಟ್ಟದ್ದು ಇದೊಂದೇ ಸಲ. ಯಾಕೆ ಕೊಟ್ಟೆ ಎಂದರೆ, ಅದರ ತಳದಲ್ಲಿ, ಮಗುಚಿ ಹಾಕಿದರೆ ಮಾತ್ರ ಕಾಣುವ ಕಡೆ, ಪೆನ್ಸಿಲ್ಲಿನಲ್ಲಿ ಬರೆದ ಒಂಬತ್ತು ಸಾಲುಗಳಿವೆ. ನನಗೆ ಓದಲು ಬಾರದ ಭಾಷೆ. ಅಂಥವು ಇನ್ನೂ ಹದಿನಾರು ಇದ್ದವು. ಅವುಗಳ ಗತಿ ಏನಾಯಿತೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈಗ ಅದು ನನ್ನ ಅಡುಗೆಮನೆಯ ಕಟ್ಟೆಯ ಮೇಲಿದೆ. ಹತ್ತಿರ ಬಗ್ಗಿದರೆ ಏಲಕ್ಕಿ ವಾಸನೆ. ಪಾಯಸದ ಏಲಕ್ಕಿಯಲ್ಲ, ಒಣಗಿದ ಪೈನ್ ಮರ, ಹಳೆಯ ಹಿಟ್ಟು, ಬೆಣ್ಣೆಯ ಜಿಡ್ಡು, ಅದರೊಳಗೆಲ್ಲೋ ಏಲಕ್ಕಿ. ಆ ವಾಸನೆ ಮೂಗಿಗೆ ಹತ್ತಿತೆಂದರೆ ಫೇರ್‌ಫ್ಯಾಕ್ಸಿನ ನಮ್ಮ ಪಕ್ಕದ ಮನೆ ಎದುರಿಗೆ ಬರುತ್ತದೆ. ಅದರ ಹಳದಿ ಬಾಗಿಲು, ಬಾಗಿಲಿನ ಆಚೆ ಆಗಲೇ ಎರಡು ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು ಕುಳಿತ ಅಜ್ಜಿ...

ಮೊದಲು ನನ್ನ ವಿಷಯ ಹೇಳಿ ಮುಗಿಸುತ್ತೇನೆ. ನಾನು ಹಳೆಯ ಮರದ ಸಾಮಾನು ಕೊಂಡು, ಉಜ್ಜಿ, ಎಣ್ಣೆ ಹಚ್ಚಿ ಮಾರುವವಳು. ಮೈಸೂರಿನ ಸಂತೇಪೇಟೆಯಲ್ಲಿ ನಮ್ಮಪ್ಪನಿಗೆ ಪಾತ್ರೆ ಅಂಗಡಿ ಇತ್ತು. ಕೈಯಲ್ಲಿ ಎತ್ತಿ ತೂಕ ಹೇಳುವುದನ್ನು, ಗಿರಾಕಿ ಮೆಟ್ಟಿಲಿಳಿಯುವವರೆಗೂ ಮಾತು ಬಿಡದಿರುವುದನ್ನು ಕಲಿತದ್ದು ಅಲ್ಲಿ. ಮದುವೆಯಾಗಿ ಅಮೆರಿಕಕ್ಕೆ ಬಂದಾಗ ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಏಳು ವರ್ಷ ಕೈಕಟ್ಟಿ ಕುಳಿತೆ. ಪರ್ಮಿಟ್ ಬಂದ ವಾರವೇ ಮೊದಲ ಎಸ್ಟೇಟ್ ಸೇಲಿಗೆ ಹೋದೆ. ಇಲ್ಲಿ ವಯಸ್ಸಾದವರು ತೀರಿಕೊಂಡರೆ, ಇಲ್ಲವೇ ವೃದ್ಧಾಶ್ರಮಕ್ಕೆ ಹೊರಟರೆ, ಅವರ ಮನೆಯಲ್ಲೇ ಸಾಮಾನಿಗೆಲ್ಲ ಚೀಟಿ ಅಂಟಿಸಿ ಮಾರುತ್ತಾರೆ. ಶುಕ್ರವಾರ ಪೂರ್ತಿ ಬೆಲೆ, ಭಾನುವಾರ ಮಧ್ಯಾಹ್ನದ ಮೇಲೆ ಅರ್ಧ. ನಾನು ಭಾನುವಾರದವಳು. ಹೊಸದಾಗಿ ಬಂದ ನಮ್ಮವರ ಮನೆಗಳಿಗೆ ಮೇಜು, ಕುರ್ಚಿ, ಬೀರು ಮುಟ್ಟಿಸಿ ಹೆಸರು ಮಾಡಿದೆ. ಎಲ್ಲರೂ ಕಾಣುವ ಕಡೆ ಉಜ್ಜುತ್ತಾರೆ, ನಾನು ಕಾಣದ ಕಡೆಯೂ ಉಜ್ಜುತ್ತೇನೆ. ಡ್ರಾಯರ್ ಎಳೆದು ಮಗುಚಿದರೆ ತಳವೂ ಹಾಲಿನ ಕೆನೆಯ ಹಾಗೆ ನುಣ್ಣಗಿರಬೇಕು. ಅದು ನನ್ನ ಹೆಚ್ಚುಗಾರಿಕೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪಕ್ಕದ ಮನೆಯವರನ್ನು ನಮ್ಮ ಮನೆಯಲ್ಲಿ ನಾರ್ವೆ ಅಜ್ಜಿ ಎನ್ನುತ್ತಿದ್ದೆವು. ಎಂಬತ್ತು ದಾಟಿದ ಒಂಟಿ ಹೆಂಗಸು, ಎತ್ತರ, ಕಡ್ಡಿಯಂಥ ಮೈ. ಬಾಗಿಲ ಮುಂದೆ ನಿಂತರೆ ಒಂದು ಸಲ ಎಡಗಾಲು, ಒಂದು ಸಲ ಬಲಗಾಲು ನೆಲಕ್ಕೆ ಒದರಿ ಒಳಗೆ ಹೋಗುವರು. ಧಪ್, ಧಪ್. ಬೂಟಿನ ಹಿಮ ಉದುರಿಸುವ ಅಭ್ಯಾಸ. ವರ್ಜೀನಿಯಾದ ಜುಲೈ ಸೆಕೆಯಲ್ಲೂ ಬಿಟ್ಟಿರಲಿಲ್ಲ. ಹತ್ತು ವರ್ಷ ಬೇಲಿಯಾಚೆಯಿಂದ ಕೈ ಬೀಸಿಕೊಂಡು ಕಳೆದಿದ್ದೆವು. ಕೊರೊನಾ ಬಂದು ಎಲ್ಲರೂ ಬಾಗಿಲು ಹಾಕಿಕೊಂಡಾಗ ನಾನು ಅಂಗಡಿಗೆ ಹೋದರೆ ಅವರಿಗೂ ಹಾಲು, ಬ್ರೆಡ್ಡು, ಬೆಣ್ಣೆ ತಂದು ಮೆಟ್ಟಿಲ ಮೇಲಿಡುತ್ತಿದ್ದೆ. ಒಂದು ದಿನ ಚೀಟಿಯಲ್ಲಿ ಏಲಕ್ಕಿ ಎಂದಿತ್ತು. ಬನ್ನು ಮಾಡುವುದಕ್ಕಂತೆ. ಅವರ ಊರಲ್ಲಿ ಬನ್ನಿಗೆ ಏಲಕ್ಕಿ ಹಾಕುತ್ತಾರೆಂದು ನನಗೆ ಗೊತ್ತಾದದ್ದು ಆವತ್ತು. ಸೂಪರ್‌ಮಾರ್ಕೆಟ್ಟಿನ ಬೂದಿಯಂಥ ಪುಡಿ ಯಾಕೆಂದು ನಮ್ಮ ಇಂಡಿಯನ್ ಅಂಗಡಿಯಿಂದ ಇಡಿ ಕಾಯಿ ತಂದುಕೊಟ್ಟೆ. ಅಲ್ಲಿಂದ ಸ್ನೇಹ ಬೆಳೆಯಿತು. ಲಸಿಕೆ ಬಂದ ಮೇಲೆ ಒಳಗೆ ಕರೆದರು.

ನಾನು ಕದ ತಟ್ಟುವ ಮೊದಲೇ ಬಾಗಿಲು ತೆರೆಯಿತು. ಒಲೆ ಪಕ್ಕದ ಸಣ್ಣ ಮೇಜಿನ ಮೇಲೆ ಎರಡು ಲೋಟ, ಎರಡರಲ್ಲೂ ಹಬೆ.

"ನೀನು ಆಗಲೇ ಬಂದೆಯಲ್ಲ," ಎಂದರು. "ಹೆಜ್ಜೆ ಕೇಳಿಸಿ ಹತ್ತು ನಿಮಿಷವಾಯಿತು."

ನಾವಿಬ್ಬರೂ ಆಡುತ್ತಿದ್ದುದು ಇಂಗ್ಲಿಷ್, ಇಬ್ಬರದೂ ಎರವಲು. ನನಗೆ ಸರಿಯಾಗಿ ಅರ್ಥವಾಗಲಿಲ್ಲವೇನೋ ಎಂದುಕೊಂಡೆ. ಅವರು ಬಿಡಿಸಿ ಹೇಳಿದರು. ಅವರ ಕಡೆ ಕೆಲವರ ಹೆಜ್ಜೆ ಅವರಿಗಿಂತ ಮುಂಚೆ ಬರುತ್ತದಂತೆ. ಗೇಟು ತೆರೆದ ಸದ್ದಾಗುತ್ತದೆ, ಮೊಳೆಗೆ ಕೋಟು ಹಾಕಿದ ಸದ್ದಾಗುತ್ತದೆ, ಹೋಗಿ ನೋಡಿದರೆ ಯಾರೂ ಇಲ್ಲ. ಹತ್ತು ನಿಮಿಷಕ್ಕೆ ಆ ಮನುಷ್ಯ ನಿಜವಾಗಿ ಬರುತ್ತಾನೆ. ಅದಕ್ಕೊಂದು ಹೆಸರೂ ಇದೆ, ಹೇಳಿಕೊಟ್ಟರು, ನನ್ನ ನಾಲಿಗೆಗೆ ಹತ್ತಲಿಲ್ಲ.

"ಹೆದರಿಕೆ ಆಗಲ್ವಾ?" ಎಂದು ಕೇಳಿದೆ.

"ಹೆದರಿಕೆ ಯಾಕೆ? ಕಾಫಿಗೆ ಇಡಲು ಸಮಯ ಸಿಗುತ್ತದೆ."

ನಾನು ಸುಲಭಕ್ಕೆ ನಂಬುವವಳಲ್ಲ. ಕಿಟಕಿಯಿಂದ ನೋಡಿರುತ್ತಾರೆ ಎಂದುಕೊಂಡೆ. ಪರೀಕ್ಷೆ ಮಾಡಿದೆ. ಹೊತ್ತು ಬದಲಿಸಿ ಹೋದೆ, ಹಿತ್ತಿಲ ಹುಲ್ಲಿನ ಮೇಲೆ ಬರಿಗಾಲಲ್ಲಿ ಹೋದೆ. ಹೋದಾಗಲೆಲ್ಲ ಎರಡು ಲೋಟ, ಹಬೆ. ಒಂದು ಮಧ್ಯಾಹ್ನ ಹೊರಟವಳು ನಮ್ಮ ಮೆಟ್ಟಿಲಲ್ಲೇ ಫೋನು ಬಂದು ಹಿಂತಿರುಗಿದೆ. ಅವರ ಮನೆಯಿಂದ ನಮ್ಮ ಮೆಟ್ಟಿಲು ಕಾಣುವುದಿಲ್ಲ, ನಡುವೆ ಗ್ಯಾರೇಜ್ ಇದೆ. ಮಾರನೆಯ ದಿನ ಅಜ್ಜಿ ಮುಖ ಸಣ್ಣದು ಮಾಡಿ, "ನಿನ್ನೆ ಬಂದು ಯಾಕೆ ಬರಲಿಲ್ಲ? ಎರಡನೆಯ ಲೋಟ ತಣ್ಣಗಾಯಿತು," ಎಂದರು. ಆಮೇಲೆ ನಾನು ಪರೀಕ್ಷೆ ನಿಲ್ಲಿಸಿದೆ. ಆ ಕಾಫಿಯೋ, ನಮ್ಮ ಫಿಲ್ಟರು ತೊಳೆದ ನೀರಿನಷ್ಟು ತೆಳು. ಆದರೂ ಕುಡಿದೆ...

ಅವರು ಕವಿ ಎಂದು ತಿಳಿದದ್ದು ಆ ಮೇಜಿನ ಮುಂದೆಯೇ, ತುಂಡು ತುಂಡಾಗಿ. ಹುಟ್ಟಿದ್ದು ಮರ ಬೆಳೆಯದ ಒಂದು ದ್ವೀಪದಲ್ಲಿ. ಅಲ್ಲಿ ಮೀನನ್ನು ಗಾಳಿಗೆ ನೇತು ಹಾಕಿ ಒಣಗಿಸುತ್ತಾರೆ, ಚಳಿಗಾಲದಲ್ಲಿ ಎರಡು ತಿಂಗಳು ಸೂರ್ಯ ಮೇಲೇಳುವುದಿಲ್ಲ. ಮನೆಯ ಉಗ್ರಾಣದ ಬಾಗಿಲಿನ ಒಳಮೈಯಲ್ಲಿ ಅವರ ಅಪ್ಪ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದರಂತೆ: ಮೊದಲ ಹಿಮ ಯಾವತ್ತು ಬಿತ್ತು, ಯಾರ ದೋಣಿ ಬರಲಿಲ್ಲ, ಯಾವ ಮಗು ಹುಟ್ಟಿತು. "ಕಾಗದ ಒದ್ದೆಯಾಗುತ್ತದೆ, ಕಳೆಯುತ್ತದೆ. ಬಾಗಿಲನ್ನು ಯಾರೂ ಕಳೆದುಕೊಳ್ಳುವುದಿಲ್ಲ," ಎನ್ನುತ್ತಿದ್ದರಂತೆ ಅಪ್ಪ. ಅಜ್ಜಿ ಅಕ್ಷರ ಕಲಿತದ್ದು ಆ ಬಾಗಿಲಿನ ಮೇಲೆ. ನಾನು ಇದನ್ನು ಎರಡು ಸಲವಾದರೂ ಕೇಳಿದ್ದೇನೆ. ಕೇಳಿ ಬನ್ನು ತಿಂದು ಬಂದೆ, ಅಷ್ಟೇ.

ಇಪ್ಪತ್ತಮೂರಕ್ಕೆ ಮೊದಲ ಪುಸ್ತಕ. ಬಹುಮಾನ ಬಂತು, ರೇಡಿಯೋದಲ್ಲಿ ಓದಿಸಿದರು. ದ್ವೀಪದ ಭಾಷೆಯಲ್ಲಿ ಹೀಗೂ ಬರೆಯಬಹುದೇ ಎಂದು ರಾಜಧಾನಿಯವರು ಬೆರಗಾದರಂತೆ. ಎರಡನೆಯ ಪುಸ್ತಕ ಬರುವಷ್ಟರಲ್ಲಿ ಕರಾವಳಿಯ ನಕ್ಷೆ ಮಾಡಲು ಬಂದಿದ್ದ ಅಮೆರಿಕದವನೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದರು. ಮೂರು, ನಾಲ್ಕು, ಐದನೆಯ ಪುಸ್ತಕಗಳನ್ನು ಇದೇ ಫೇರ್‌ಫ್ಯಾಕ್ಸಿನಿಂದ ಟಪಾಲಿನಲ್ಲಿ ಕಳಿಸಿದರು. ಪ್ರತಿ ಸಲವೂ ಅಲ್ಲಿಂದ ಬರುವ ಮೆಚ್ಚುಗೆ ಒಂದು ಹಿಡಿ ಕಡಿಮೆ. ಇವರ ಮಾತು ಹೊರಟ ವರ್ಷಕ್ಕೇ ನಿಂತುಬಿಟ್ಟಿದೆ, ಈಗ ಇಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ ಎಂದು ಯಾರೋ ಬರೆದರಂತೆ. ಆರನೆಯ ಪುಸ್ತಕ ವಾಪಸ್ ಬಂತು. ಈ ಊರಲ್ಲಿ ಅದನ್ನು ಓದುವವರು ಒಬ್ಬರೂ ಇರಲಿಲ್ಲ, ಗಂಡನೂ ಸೇರಿ. ಆ ದುಃಖ ನನಗೆ ತಿಳಿಯದ್ದೇನಲ್ಲ. ನನ್ನ ಮಗಳು ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಸಾರಿ ಹೇಳುತ್ತಾಳೆ.

ಒಂದು ದಿನ ಅಜ್ಜಿ ದಪ್ಪ ಪುಸ್ತಕವೊಂದನ್ನು ತೆಗೆದು ನನ್ನ ಮುಂದಿಟ್ಟರು. ಅವರ ದೇಶದ ಲೇಖಕರ ಕೋಶ. ಒಂದು ಹೆಸರಿನ ಮೇಲೆ ಬೆರಳಿಟ್ಟರು. ಹೆಸರಿನ ಪಕ್ಕ ಎರಡು ಇಸವಿ.

"ಮೊದಲನೆಯದು ನಾನು ಹುಟ್ಟಿದ್ದು. ಎರಡನೆಯದು ನೋಡು."

ನೋಡಿದೆ. ಸತ್ತ ವರ್ಷ. ಗಂಡ ಹೋದಾಗ ಬಂದ ಸುದ್ದಿಯನ್ನು ಯಾರೋ ಹೆಂಡತಿಯದೆಂದು ತಿಳಿದು ಅಚ್ಚು ಹಾಕಿಸಿದ್ದರು.

"ನಾನು ಹೋಗಿ ಹನ್ನೊಂದು ವರ್ಷವಾಯಿತು," ಎಂದು ಬನ್ನು ಮುರಿದು ಬಾಯಿಗೆ ಹಾಕಿಕೊಂಡರು.

"ಅಯ್ಯೋ, ತಿದ್ದಿಸಿ! ಈಮೇಲ್ ಹಾಕೋಣ. ನಾನು ಬರೆದುಕೊಡಲಾ?" ತಪ್ಪು ಕಂಡರೆ ಸರಿಮಾಡಿಸದೆ ಬಿಡುವ ಜಾಯಮಾನ ನನ್ನದಲ್ಲ.

"ಬೇಡ. ಸತ್ತ ಮೇಲೆ ನನ್ನ ಬಗ್ಗೆ ಬಹಳ ಒಳ್ಳೆಯದು ಬರೆದಿದ್ದಾರೆ. ಬದುಕಿದ್ದೇನೆ ಎಂದರೆ ವಾಪಸ್ ತೆಗೆದುಕೊಂಡಾರು."

"ಹಾಗಾದ್ರೆ ಈಗ ಬರೆಯೋದೇ ಇಲ್ವಾ?"

"ಬರೆಯುತ್ತೇನೆ. ಸತ್ತವರು ಎಲ್ಲಿ ಬರೆಯಬೇಕೋ ಅಲ್ಲಿ," ಎಂದವರೇ ಮೇಜಿನ ಕೆಳಗೆ ಕೈ ಹಾಕಿ ಡ್ರಾಯರಿನ ತಳವನ್ನು ಬೆರಳಗೆಣ್ಣಿನಿಂದ ಎರಡು ಸಲ ತಟ್ಟಿದರು. ಇಲ್ಲಿಯವರು ದೃಷ್ಟಿ ತಾಗದಿರಲೆಂದು ಮರ ತಟ್ಟುತ್ತಾರಲ್ಲ, ಹಾಗೇ ಎಂದುಕೊಂಡೆ.

ಎರಡು ವರ್ಷ ಕಳೆದಿರಬೇಕು. ಚಳಿಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದರು. ಇನ್ನು ಒಂಟಿಯಾಗಿರಲಾಗದೆಂದು ಡಾಕ್ಟರು ಹೇಳಿ ವೃದ್ಧಾಶ್ರಮ ಗೊತ್ತಾಯಿತು. ಹೊರಡುವ ವಾರ ನನ್ನನ್ನು ಕರೆಸಿ, ಮರದ್ದೆಲ್ಲ ನೀನು ತೆಗೆದುಕೋ, ದುಡ್ಡು ಬೇಡ ಎಂದರು. ಆರು ಡ್ರಾಯರಿನ ದೊಡ್ಡ ಬೀರು, ಮೂಲೆ ಕಪಾಟು, ಬೆಂಚು, ಕುರ್ಚಿಗಳು, ಒಲೆ ಪಕ್ಕದ ಆ ಸಣ್ಣ ಮೇಜು. ಎಲ್ಲ ಹಡಗಿನಲ್ಲಿ ಅವರ ದ್ವೀಪದಿಂದ ಬಂದವು. ಪುಕ್ಕಟೆ ಎಂದರೆ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

"ಏನು ಕಂಡೀಷನ್?" ಎಂದೆ.

"ಒಂದು ವರ್ಷ ಉಜ್ಜಬಾರದು. ಮೇಲೂ, ಕೆಳಗೂ. ನಮ್ಮ ದ್ವೀಪದ ಪದ್ಧತಿ. ಮನೆಯವರು ಹೋದ ಮೇಲೆ ಮರಕ್ಕೆ ಒಂದು ವರ್ಷ ನೀರು, ಸ್ಯಾಂಡ್‌ಪೇಪರ್ ತಗಲಿಸುವುದಿಲ್ಲ. ತಗಲಿಸಿದರೆ ಹೋದವರು ದಾರಿ ತಪ್ಪುತ್ತಾರೆ."

ನಮ್ಮಲ್ಲೂ ಸೂತಕದ ಕಟ್ಟುಕಟ್ಟಳೆಗಳಿಲ್ಲವೇ, ಹಾಗೇ ಇದೂ ಒಂದು ಎಂದುಕೊಂಡೆ. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಆರು ತಿಂಗಳು ಮಾಡ್ಕೊಳ್ಳಿ."

"ಒಂದು ವರ್ಷ."

"ಎಂಟು. ಗ್ಯಾರೇಜಲ್ಲಿ ಜಾಗ ಇಲ್ಲ."

"ಒಂದು ವರ್ಷ," ಎಂದು ಕೈ ಚಾಚಿದರು. ಬೆರಳುಗಳು ಐಸಿನ ಹಾಗಿದ್ದವು. ನಾನೂ ಕೈ ಕೊಟ್ಟೆ. ಮಾತು ಕೊಟ್ಟೆ ಎಂದೇ ಲೆಕ್ಕ. ಆದರೆ ಸೋತ ವ್ಯಾಪಾರ, ಮನಸ್ಸಿನಲ್ಲಿ ನಾನು ಅದಕ್ಕೆ ಸಹಿ ಹಾಕಿರಲಿಲ್ಲ.

ಚೆರಿ ಹೂ ಬಿಡುವ ಹೊತ್ತಿಗೆ ಅಜ್ಜಿ ತೀರಿಕೊಂಡರು. ಮಣ್ಣಿಗೆ ಹೋದವರು ನಾವು ಐದು ಜನ.

ಆ ಸಾಮಾನು ತಂದಿಟ್ಟ ನಮ್ಮ ಗ್ಯಾರೇಜಿನಲ್ಲಿ ಅಜ್ಜಿಯ ಮನೆಯದೇ ವಾಸನೆ ಬರುತ್ತಿತ್ತು. ಮೊದಲ ತಿಂಗಳಲ್ಲೇ ನಮ್ಮ ಬೀದಿಯಿಂದ ಫೋರ್ಟ್ ಮಿಲ್‌ಗೆ ಹೊರಟಿದ್ದ ಕನ್ನಡದ ಹುಡುಗಿಯೊಬ್ಬಳು ಬಂದಳು. ಅವಳ ಗಂಡನಿಗೆ ಆ ಊರಿನ ಪಕ್ಕದ ಶಾರ್ಲೆಟ್‌ನಲ್ಲಿ ಕೆಲಸ ಸಿಕ್ಕಿತ್ತು. ಟ್ರಕ್ಕಿನಲ್ಲಿ ಇನ್ನೂ ಸ್ವಲ್ಪ ಜಾಗವಿದೆ, ದೇವರ ಸಾಮಾನು ಇಡಲು ಸಣ್ಣ ಮೇಜು ಬೇಕು ಎಂದಳು. ಅವಳಿಗೆ ಚೌಕಾಸಿ ಕಲಿಸಿದ್ದೇ ನಾನು. "ಉಜ್ಜಿಲ್ಲ, ಎಣ್ಣೆ ಹಚ್ಚಿಲ್ಲ, ಹಿಟ್ಟಿನ ಕಲೆ ಹಾಗೇ ಇದೆ. ಆಂಟಿ, ಇದಕ್ಕೆ ನೀವು ತೊಂಬತ್ತು ಕೇಳ್ತೀರಾ?" ಎಂದು ಅರವತ್ತಕ್ಕೆ ಇಳಿಸಿ ಎತ್ತಿಕೊಂಡು ಹೋದಳು. ಆವತ್ತು ಅವಳು ಮೂವತ್ತು ಡಾಲರ್ ಉಳಿಸಿದ್ದರಿಂದ ಏನು ಉಳಿಯಿತೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಮೂರನೆಯ ತಿಂಗಳಲ್ಲಿ ಜಾನ್ಸ್ ಕ್ರೀಕ್ ಎಂಬ ದೂರದ ಊರಿನಿಂದ ಗಿರಾಕಿ. ಗೃಹಪ್ರವೇಶಕ್ಕೆ ದೊಡ್ಡ ಬೀರು ಬೇಕು, ಆದರೆ ಹೊಸದರ ಹಾಗೆ ಕಾಣಬೇಕು. ಕಪಾಟಿಗೂ ಬೇರೆಯವರು ಕಾಯುತ್ತಿದ್ದರು. ಹೋದವರಿಗೆ ಏನು ತಿಳಿಯುತ್ತದೆ ಎಂದುಕೊಂಡು ಮರ ಉಜ್ಜುವ ಯಂತ್ರ, ಸ್ಯಾಂಡರಿಗೆ ಪ್ಲಗ್ ಹಾಕಿದೆ.

ಮೊದಲ ಡ್ರಾಯರ್ ಮಗುಚಿದಾಗ ತಳದಲ್ಲಿ ಪೆನ್ಸಿಲ್ ಗುರುತು ಕಂಡಿತು. ಬಡಗಿಗಳು ಅಳತೆ ಬರೆದುಕೊಳ್ಳುತ್ತಾರೆ, ದಿನಾ ನೋಡುತ್ತೇನೆ. ಮೂಲೆಯಲ್ಲಿ ಸಣ್ಣದೊಂದು ಅಂಕಿ. ಯಾವ ಡ್ರಾಯರ್ ಎಲ್ಲಿಗೆ ಎಂದು ಬಡಗಿ ಹಾಕಿದ ನಂಬರು ಎಂದುಕೊಂಡೆ. ಅಂಕಿಯ ಕೆಳಗೆ ಸಾಲುಗಳು. ಒಂದು ಉದ್ದ, ಒಂದು ಗಿಡ್ಡ, ಮತ್ತೆರಡು ಗಿಡ್ಡ. ಅಳತೆಯಾದರೆ ಇಷ್ಟು ಸಾಲು ಯಾಕೆ ಎಂದು ಒಂದು ಗಳಿಗೆ ಅನ್ನಿಸಿತು. ನಿಜ ಹೇಳುತ್ತೇನೆ, ಅನ್ನಿಸಿತು. ಆದರೆ ಸ್ಯಾಂಡರ್ ಆಗಲೇ ಕೈಯಲ್ಲಿ ಗುಂಯ್‌ಗುಡುತ್ತಿತ್ತು.

ಮೊದಲ ಸಾಲು ಅಳಿಯುವಷ್ಟರಲ್ಲಿ ಗ್ಯಾರೇಜಿನ ಪಕ್ಕದ ಬಾಗಿಲ ಮೆಟ್ಟಿಲ ಮೇಲೆ ಧಪ್, ಧಪ್.

ಸ್ಯಾಂಡರ್ ಆರಿಸಿ ಬಾಗಿಲು ತೆರೆದೆ. ಸುಡುಬಿಸಿಲು. ದೂರದಲ್ಲಿ ಯಾರದೋ ಹುಲ್ಲು ಕತ್ತರಿಸುವ ಮೆಷಿನ್ನು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಗಡಿಯಾರ ನೋಡಿಕೊಂಡು ನಿಂತೆ. ಹತ್ತು ನಿಮಿಷ ಕಳೆಯಿತು, ಹದಿನೈದು ಕಳೆಯಿತು. ಯಾರೂ ಬರಲಿಲ್ಲ. ಎರಡನೆಯ ಡ್ರಾಯರ್ ಮಗುಚಿದೆ. ಧಪ್, ಧಪ್.

ಒಳಗಿನಿಂದ ನಮ್ಮನೆಯವರು ಇಣುಕಿದರು. "ಏನೇ ಅದು, ಹೊರಗೆ ಯಾರನ್ನ ಹುಡುಕ್ತಿದ್ದೀಯಾ?"

"ಯಾರೋ ಬಂದ ಹಾಗಾಯ್ತು ರೀ."

"ವಾಟರ್ ಹೀಟರ್ ಕಣೇ ಅದು. ಪ್ಲಂಬರ್‌ನ ಕರೆಸಿದ್ರೆ ನೀನು ಚೌಕಾಸಿ ಮಾಡಿ ಓಡಿಸ್ತೀಯ, ಅದು ಹೊಡ್ಕೊಳ್ತಾ ಇರುತ್ತೆ."

ವಾಟರ್ ಹೀಟರೇ ಇರಬೇಕು ಎಂದು ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿಕೊಂಡೆ. ಕಿವಿ ಮುಚ್ಚಿದ ಮೇಲೆ ಅದು ಪಾದದ ಅಡಿಯಿಂದ ಬಂತು, ಕಾಂಕ್ರೀಟಿನಲ್ಲಿ ನಡುಕವಾಗಿ. ಮೂರು ದಿನ ಕೆಲಸ ಮಾಡಿ ಬೀರು, ಕಪಾಟಿನ ಹಲಗೆ, ಬೆಂಚು, ಕುರ್ಚಿ ಎಲ್ಲವನ್ನೂ ಉಜ್ಜಿದೆ. ಪ್ರತಿ ಹಲಗೆ ಮಗುಚಿದಾಗಲೂ ಬಂತು, ಪ್ರತಿ ಸಲವೂ ಯಾರೂ ಬರಲಿಲ್ಲ. ಕೊನೆಯ ಹಲಗೆ ಮುಗಿದ ಮೇಲೆ ಸದ್ದು ನಿಂತಿತು. ಆ ನಿಶ್ಶಬ್ದ ಇನ್ನೂ ಕೆಟ್ಟದಾಗಿತ್ತು...

ಎಂಟನೆಯ ತಿಂಗಳಲ್ಲಿ ಅಜ್ಜಿಯ ತಂಗಿಯ ಮಗಳು ನಾರ್ವೆಯಿಂದ ಬಂದರು. ಅರವತ್ತರ ಹೆಂಗಸು, ಅದೇ ಎತ್ತರ. ಉಯಿಲಿನ ಕೆಲಸ ಮುಗಿದು ವಕೀಲರು ಕಳಿಸಿದ, ಅಜ್ಜಿ ಬರೆದಿಟ್ಟಿದ್ದ ಕಾಗದವೊಂದು ಅವರ ಕೈಯಲ್ಲಿತ್ತು. ಬೆಂಚು ಮತ್ತು ಕಪಾಟಿನಿಂದ ಮಿಕ್ಕ ಎರಡು ಹಲಗೆ ಇನ್ನೂ ನನ್ನಲ್ಲೇ ಇದ್ದವು. ಅವುಗಳ ತಳಕ್ಕೆ ಅಂಗೈ ಇಟ್ಟು ಈ ತುದಿಯಿಂದ ಆ ತುದಿಗೆ ಸವರಿದರು, ಕುರುಡರು ಮುಖ ಸವರುವ ಹಾಗೆ. ಆಮೇಲೆ ಕಾಗದ ಬಿಡಿಸಿ ಇಂಗ್ಲಿಷಿಗೆ ತಿರುಗಿಸುತ್ತ ಓದಿದರು. "ನನ್ನ ಕೊನೆಯ ಪುಸ್ತಕ ಪಕ್ಕದ ಮನೆಯಲ್ಲಿದೆ, ತಲೆಕೆಳಗಾಗಿ. ಹದಿನೇಳು ಕವಿತೆ. ಬೇರೆಲ್ಲೂ ಬರೆದಿಟ್ಟಿಲ್ಲ. ಒಂದು ವರ್ಷದೊಳಗೆ ಬಾ."

"ನಿಮ್ಮ ಪದ್ಧತಿ ಮುರಿದೆ, ತಪ್ಪಾಯಿತು," ಎಂದೆ.

"ಯಾವ ಪದ್ಧತಿ? ನಮ್ಮಲ್ಲಿ ಅಂಥದ್ದೇನೂ ಇಲ್ಲ."

"ಮತ್ತೆ ಕವಿತೆ ಅಂತಲೇ ಹೇಳಬಹುದಿತ್ತಲ್ಲ?"

ಅವರು ಕಾಗದದ ಕೊನೆಗೆ ಬೆರಳಿಟ್ಟು ಓದಿದರು. "ನೆರೆಯವಳು ಒಳ್ಳೆಯವಳು. ಬೆಲೆ ಇದೆ ಎಂದು ತಿಳಿದರೆ ಮಾರುತ್ತಾಳೆ. ಹೆದರಿಕೆ ಇದೆ ಎಂದರೆ ಇಟ್ಟುಕೊಳ್ಳುತ್ತಾಳೆ."

ಅಷ್ಟು ಸರಿಯಾಗಿ ನನ್ನನ್ನು ಯಾರೂ ತೂಗಿರಲಿಲ್ಲ, ನಮ್ಮಪ್ಪ ಕೂಡ. ಅವರ ತೂಕದಲ್ಲಿ ತಪ್ಪಿದ್ದು ಒಂದೇ, ನನಗೆ ಹೆದರಿಕೆ ಸಾಲಲಿಲ್ಲ. ಹೊರಡುವಾಗ ಆಕೆ, ಉಜ್ಜಿದ ಪುಡಿ ಎಲ್ಲಿ ಎಂದು ಕೇಳಿದರು. ಸ್ಯಾಂಡರಿನ ಚೀಲದಲ್ಲೇ ಇತ್ತು. ಚೆಲ್ಲಿದ ಎಣ್ಣೆ ಹೀರಲು ಆಗುತ್ತದೆಂದು ಇಟ್ಟಿದ್ದೆ. ಜಾಮ್ ಬಾಟಲಿಯೊಂದಕ್ಕೆ ತುಂಬಿಕೊಟ್ಟೆ. ಮರದ ಬಣ್ಣದ ಪುಡಿ, ಅಲ್ಲಲ್ಲಿ ಬೂದು.

ಆಕೆ ನಾರ್ವೆಗೆ ಮರಳಿದ ವಾರ ಜಾನ್ಸ್ ಕ್ರೀಕ್‌ನವರಿಗೆ ಫೋನು ಮಾಡಿ ಡ್ರಾಯರ್ ಮಗುಚಿ ನೋಡಲು ಹೇಳಿದೆ. ಒಂದು ಮೂಲೆಯಲ್ಲಾದರೂ ಏನಾದರೂ ಉಳಿದಿರಬಹುದು. "ಒಂದು ಗೀರೂ ಇಲ್ಲ ಆಂಟಿ, ಕೈ ಇಟ್ರೆ ಜಾರುತ್ತೆ. ಸೂಪರ್ ಕೆಲಸ ನಿಮ್ದು," ಎಂದರು. ಹೊಗಳಿಕೆ ಕೇಳಿ ಅತ್ತದ್ದು ಆವತ್ತೇ.

ಆಗ ಸಣ್ಣ ಮೇಜು ನೆನಪಾಯಿತು. ಉಜ್ಜದೆ ಹೋದದ್ದು ಅದೊಂದೇ. ಮಾರನೆಯ ಬೆಳಿಗ್ಗೆಯೇ ಫೋರ್ಟ್ ಮಿಲ್‌ಗೆ ಹೊರಟೆ. ಏಳು ಗಂಟೆಯ ದಾರಿ. ಫೋನು ಮಾಡಲಿಲ್ಲ, ಬೇಕೆಂದು ಮೊದಲೇ ಹೇಳಿದರೆ ಬೆಲೆ ಏರುತ್ತದೆ. ಅಷ್ಟಾದ ಮೇಲೂ ನನ್ನ ಬುದ್ಧಿ ಹಾಗೇ ಇತ್ತು. ಕಾರು ನಿಲ್ಲಿಸಿ ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು.

"ಓ, ನೀವಾ ಆಂಟಿ! ಹತ್ತು ನಿಮಿಷದಿಂದ ಎಲ್ಲಿ ನಿಂತಿದ್ರಿ?"

"ಈಗ ತಾನೇ ಬಂದೆ ಕಣಮ್ಮ."

"ಮತ್ತೆ ಆಗಲೇ ಬಾಗಿಲ ಹತ್ರ ಶೂ ಒದರಿದ್ದು ಯಾರು? ಧಪ್ ಧಪ್ ಅಂತ. ತೆಗೆದು ನೋಡಿದ್ರೆ ಯಾರೂ ಇಲ್ಲ, ಕ್ಯಾಮೆರಾದಲ್ಲೂ ಏನೂ ಇಲ್ಲ. ಯಾಕೋ ಯಾರೋ ಬರ್ತಾರೆ ಅನ್ನಿಸ್ತು, ಕಾಫಿಗೆ ಇಟ್ಟೆ. ಬನ್ನಿ, ಆರಿ ಹೋಗುತ್ತೆ."

ನನ್ನ ಕಾಲಲ್ಲಿದ್ದುದು ಚಪ್ಪಲಿ. ನಾನು ಎಂದೂ ಕಾಲು ಒದರಿದವಳಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಲೋಟಗಳಿದ್ದವು, ಎರಡರಲ್ಲೂ ಹಬೆ.

ಮೇಜು ದೇವರ ಮೂಲೆಯಲ್ಲಿತ್ತು. ಡ್ರಾಯರಿನಲ್ಲಿ ಬತ್ತಿ, ಕರ್ಪೂರ, ಊದುಬತ್ತಿ. ನಾನು ಕಾಫಿ ಕುಡಿಯುತ್ತ ಆ ಕಡೆ ನೋಡದೆ, "ಆ ಮೇಜು ನಿನಗೆ ಸರಿಹೋಯ್ತಾ? ಬೇಡ ಅಂದ್ರೆ ನಾನೇ ವಾಪಸ್ ತಗೋತೀನಿ," ಎಂದೆ.

"ಏಳು ಗಂಟೆ ಡ್ರೈವ್ ಮಾಡ್ಕೊಂಡು ಅರವತ್ತು ಡಾಲರ್ ಮೇಜು ವಾಪಸ್ ತಗೊಳೋಕೆ ಬಂದ್ರಾ? ಯಾರಿಗೆ ಕಥೆ ಹೇಳ್ತೀರಾ ಆಂಟಿ!"

"ಮೇಜು ಇರ್ಲಿ. ಡ್ರಾಯರ್ ಒಂದು ಸಾಕು." ಬಾಯಿಂದ ಜಾರಿಹೋಯಿತು. ಹೊಸಬರು ಮಾಡುವ ತಪ್ಪು.

ಅವಳ ಕಣ್ಣು ಅರಳಿತು. "ಡ್ರಾಯರ್ ಮಾತ್ರಾನಾ? ಏನಿದೆ ಅದ್ರಲ್ಲಿ, ಚಿನ್ನಾನಾ? ಬೇಕು ಅನ್ನೋರ ಕಣ್ಣು ನೋಡಿ ರೇಟ್ ಹೇಳು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ? ನಿಮ್ಮ ಕಣ್ಣು ನೋಡಿದ್ರೆ... ನಾಲ್ಕು ನೂರು!" ಎಂದು ನಗತೊಡಗಿದಳು.

ನಾನು ಪರ್ಸು ತೆಗೆದು ನೂರರ ನಾಲ್ಕು ನೋಟು ಮೇಜಿನ ಮೇಲಿಟ್ಟೆ. ಅವಳ ನಗು ಅರ್ಧಕ್ಕೆ ನಿಂತಿತು.

"ಆಂಟಿ, ಜೋಕ್ ಮಾಡಿದೆ. ಯಾಕೆ ಹಿಂಗೆ ಮಾಡ್ತೀರಾ? ಹಾಗೇ ತಗೊಂಡ್ಹೋಗಿ."

"ಬೇಡಮ್ಮ. ಹಾಗೇ ತಗೊಂಡದ್ದರ ಗತಿ ನೋಡಿದ್ದೀನಿ. ಇಟ್ಕೋ."

ಕರ್ಪೂರ, ಬತ್ತಿ ಖಾಲಿ ಮಾಡಿ ಡ್ರಾಯರನ್ನು ತೊಡೆಯ ಮೇಲೆ ಮಗುಚಿದೆ. ಮೂಲೆಯಲ್ಲಿ ಹದಿನೇಳು ಎಂಬ ಅಂಕಿ. ಅದರ ಕೆಳಗೆ ಒಂಬತ್ತು ಸಾಲು. ಒಂದು ಅಕ್ಷರವೂ ಅಳಿಸಿರಲಿಲ್ಲ. ಫೋಟೋ ತೆಗೆದು ನಾರ್ವೆಗೆ ಕಳಿಸಿದೆ. ಅಜ್ಜಿಯ ತಂಗಿಯ ಮಗಳು ಮೊದಲು ಅವರ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದಿ, ನಾನು ಅಲ್ಲಿರುವಾಗಲೇ ದನಿ ಮುದ್ರಿಸಿ ಕಳಿಸಿದರು. ಕನ್ನಡ ನನ್ನದು. ನಾನು ಕವಿಯಲ್ಲ, ತಪ್ಪಿದ್ದರೆ ನನ್ನದೇ:

ಪಕ್ಕದ ಮನೆಯವಳ ಹೆಜ್ಜೆ
ಅವಳಿಗಿಂತ ಮೊದಲು ಬರುತ್ತದೆ.
ನಾನು ಎರಡು ಲೋಟ ಇಡುತ್ತೇನೆ.
ಅವಳು ಎಲ್ಲವನ್ನೂ ಮಗುಚಿ ನೋಡುವವಳು
ಬೆಲೆ ಹುಡುಕುತ್ತ.
ಒಂದು ದಿನ ಹೆಜ್ಜೆ ಮಾತ್ರ ಬರುತ್ತದೆ,
ಹಿಂದೆ ಯಾರೂ ಬರುವುದಿಲ್ಲ.
ಹೋಗಿ ನೋಡಬೇಡ, ನೆರೆಯವಳೇ.
ಎರಡು ಲೋಟ ಇಡು.

ಫೋರ್ಟ್ ಮಿಲ್‌ನ ಹುಡುಗಿ ಕೇಳಿಸಿಕೊಂಡಳು. ಅವಳ ದೃಷ್ಟಿ ಕಟ್ಟೆಯ ಮೇಲೆ ಹೋಯಿತು. ಒಂದು ಲೋಟ ನಾನು ಕುಡಿದದ್ದು. ಇನ್ನೊಂದನ್ನು ಯಾರಿಗೆಂದು ಇಟ್ಟಳೋ ಅವಳಿಗೂ ಹೊಳೆಯಲಿಲ್ಲ. ಅವಳು ಕಾಫಿ ಬಿಟ್ಟು ವರ್ಷವಾಗಿತ್ತಂತೆ.

ಇದೆಲ್ಲ ಆಗಿ ಈಗ ಎರಡು ಚಳಿಗಾಲ ಕಳೆದಿವೆ. ಒಂದೇ ಕವಿತೆಗೆ ಯಾರೂ ಪುಸ್ತಕ ಮಾಡುವುದಿಲ್ಲ. ಅಲ್ಲಿಯ ಪ್ರಕಾಶಕರು ಮರ್ಯಾದೆಯಾಗಿ ಹಾಗೇ ಬರೆದರಂತೆ. ಲೇಖಕರ ಕೋಶದಲ್ಲಿ ಅಜ್ಜಿ ತೀರಿಕೊಂಡ ವರ್ಷವನ್ನು ತಿದ್ದಿದ್ದಾರೆ. ಅಷ್ಟು ವರ್ಷ ಅವರು ಬದುಕಿದ್ದರು ಎನ್ನುವುದಕ್ಕೆ ಆ ತಿದ್ದುಪಡಿ ಒಂದು, ಈ ಡ್ರಾಯರ್ ಒಂದು. ಪಕ್ಕದ ಮನೆಗೆ ಹೊಸಬರು ಬಂದು ಹಳದಿ ಬಾಗಿಲಿಗೆ ಬೂದು ಬಣ್ಣ ಹೊಡೆಸಿದ್ದಾರೆ. ಹದಿನಾರು ಕವಿತೆಯಲ್ಲಿ ಏನಿತ್ತು ಎಂದು ನಾನು ದಿನಾ ಕೇಳಿಕೊಳ್ಳುತ್ತೇನೆ. ಒಂದು ಉದ್ದ, ಒಂದು ಗಿಡ್ಡ, ಮತ್ತೆರಡು ಗಿಡ್ಡ. ಆ ಆಕಾರ ಮಾತ್ರ ಕಣ್ಣಲ್ಲಿ ಉಳಿದಿದೆ...

ಡ್ರಾಯರ್ ಮನೆಗೆ ಬಂದ ದಿನದಿಂದ ಸದ್ದು ಮತ್ತೆ ಬರುತ್ತಿದೆ. ಮಧ್ಯಾಹ್ನ ನಾಲ್ಕರ ಸುಮಾರಿಗೆ, ಗ್ಯಾರೇಜಿನ ಮೆಟ್ಟಿಲ ಮೇಲೆ. ವಾಟರ್ ಹೀಟರ್ ಹೊಸದು ಹಾಕಿಸಿದ್ದೇವೆ, ಹಾಗಾಗಿ ನಮ್ಮನೆಯವರೂ ಈಗ ಏನೂ ಹೇಳುವುದಿಲ್ಲ. ನಾನು ಹೋಗಿ ನೋಡುವುದಿಲ್ಲ. ತೆಳು ಕಾಫಿ ಮಾಡಿ ಎರಡು ಲೋಟ ಇಡುತ್ತೇನೆ. ಒಂದು ನಾನು ಕುಡಿಯುತ್ತೇನೆ, ಇನ್ನೊಂದು ಆರಿದ ಮೇಲೆ ಸಿಂಕಿಗೆ ಸುರಿಯುತ್ತೇನೆ. ಯಾರೂ ಬಂದಿಲ್ಲ. ಬರುವುದಿಲ್ಲ ಎಂದು ನನಗೂ ಗೊತ್ತು.

ನೀವು ಹಳೆಯ ಸಾಮಾನು ಕೊಳ್ಳುವವರಾದರೆ ನನ್ನ ಮಾತು ಕೇಳಿ. ಎಷ್ಟು ಎಂದು ಕೇಳುವ ಮೊದಲು ಇದರಲ್ಲಿ ಏನಿದೆ ಎಂದು ಕೇಳಿ, ಅದೂ ಮನೆಯವರು ಬದುಕಿದ್ದಾಗ. ಮಗುಚಿ ನೋಡಿ, ಗೀರು ಕಂಡರೂ ಫೋಟೋ ತೆಗೆದಿಟ್ಟುಕೊಳ್ಳಿ. ಫೋನಿನಲ್ಲಿ ಅದಕ್ಕೆ ಖರ್ಚಿಲ್ಲ. ಪುಕ್ಕಟೆ ಕೊಟ್ಟು ಒಂದು ಮಾತು ತೆಗೆದುಕೊಂಡರೆ, ಅದು ಎಂಥ ಮೂಢನಂಬಿಕೆಯಾಗಿ ಕಂಡರೂ ದಿನ ಎಣಿಸಿ ಪಾಲಿಸಿ. ಬೆಲೆ ಇರುವುದು ಆ ಮಾತಿನಲ್ಲೇ. ಮತ್ತೆ, ಸ್ಯಾಂಡರಿನ ಸ್ವಿಚ್ಚು ಒತ್ತುವ ಮೊದಲು ಹತ್ತು ನಿಮಿಷ ಸುಮ್ಮನೆ ಕುಳಿತು ಕಿವಿಗೊಡಿ. ಬರುವವರು ಯಾರಾದರೂ ಇದ್ದರೆ ಅಷ್ಟರಲ್ಲಿ ಬಂದಿರುತ್ತಾರೆ.